ಮನೆಯಲ್ಲಿ ಎಷ್ಟು ಜನ?

ಬ್ಯಾಟರಾಯನಪುರ
೮-೩-೧೯೮೭

ತಮ್ಮ ವೇಣುಗೋಪಾಲನಿಗೆ ಅಕ್ಕನ ಆಶೀರ್ವಾದ.

ನೀರನ್ನು ಮೆದುಗೊಳಿಸುವ ಯಂತ್ರದ ವಿಚಾರವಾಗಿ ಬರೆಯುತ್ತಿದ್ದೇನೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು, ಈ ಮನೆಯಲ್ಲಿ ದಿನವೂ ಅಡುಗೆ ಮಾಡುವ ನಾನೇ ಅದನ್ನು ಕೊಳ್ಳಲು ಹೇಳಿದ್ದೆ. ನಿನ್ನೆ ಕಂಪನಿಯವನು ಯಂತ್ರದ ಅಳತೆಗಾಗಿ, "ಮನೇಲಿ ಎಷ್ಟು ಜನ ಸಾರ್?" ಎಂದು ಕೇಳಿದ. ನೀನು ನಿನ್ನ ಹೆಂಡತಿ ಗೋದಾಳನ್ನೂ ಮಕ್ಕಳಿಬ್ಬರನ್ನೂ ಸೇರಿಸಿಕೊಂಡು, "ನಾವು ನಾಲ್ಕೇ ಜನ ಕಣ್ರೀ" ಎಂದೆ. "ಹಾಗಾದ್ರೆ ಚಿಕ್ಕದೇ ಸಾಕು ಬಿಡಿ" ಎಂದವನ ಕೈಗೆ ಕಾಫಿಯ ಲೋಟ ಕೊಟ್ಟವಳು ನಾನು.

ಚಿಕ್ಕದನ್ನೇ ಕೊಂಡುಕೋ. ಅದಕ್ಕೆ ಆಗಾಗ ಉಪ್ಪು ತುಂಬಬೇಕಂತೆ, ಗೋದಾಳಿಗೆ ನೆನಪಿಸು.

ಶಾಲೆಯಲ್ಲಿ ನಾನು ತಪ್ಪು ಉತ್ತರವನ್ನು ತಿದ್ದದೆ ಬಿಟ್ಟವಳಲ್ಲ. ನಾಳೆ ಬೆಳಿಗ್ಗೆ ಅಲ್ಲಾಳಸಂದ್ರದ ಬಾಡಿಗೆ ಕೋಣೆಯೊಂದಕ್ಕೆ ಹೊರಡುತ್ತೇನೆ. ಅಲ್ಲಿಂದಾಚೆಗೆ ನಿನ್ನ ಉತ್ತರ ಸರಿಯಾಗಿರುತ್ತದೆ.

ಕೃಷ್ಣವೇಣಿ
ನಿವೃತ್ತ ಉಪಾಧ್ಯಾಯಿನಿ