ದಿಮ್ಮಿಗಳ ಹೋಟೆಲಿಗೆ

ಮೆಟುಚೆನ್, ನ್ಯೂಜೆರ್ಸಿ
೬ ಸೆಪ್ಟೆಂಬರ್ ೨೦೦೯, ಭಾನುವಾರ

ಅವನಿಯ ಅಪ್ಪನಿಗೆ ರಮಾಮಣಿಯ ಪ್ರೀತಿಯ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಕಳಿಸಿದ ಎಣ್ಣೆ ಹಚ್ಚುತ್ತಿದ್ದೀರೋ, ಕಪಾಟಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀರೋ? ನಿಮ್ಮ ಬೆಟ್ಟದಲ್ಲಿ ಸಿಗ್ನಲ್ ಇಲ್ಲದ್ದರಿಂದ ಈ ವಯಸ್ಸಿನಲ್ಲಿ ಮತ್ತೆ ಕಾಗದ ಬರೆಯುವಂತಾಯಿತು. ನಾನು ಚೆನ್ನಾಗಿದ್ದೇನೆ. ಅವನಿ ಕಾಲೇಜು ಹಾಸ್ಟೆಲಿಗೆ ಹೋದಳು. ಫೋನು ಮಾಡಿದರೆ "ಐ ಆಮ್ ಫೈನ್, ಅಮ್ಮಾ" ಎಂದು ಇಟ್ಟುಬಿಡುತ್ತಾಳೆ. ಒಂದೇ ತಟ್ಟೆ ತೊಳೆಯುವುದಕ್ಕೆ ಬೇಸರ.

ನೀವು ಅಡುಗೆಗೆ ಸೇರಿರುವ ಹೋಟೆಲಿನ ಪಟ ಕಳಿಸಿದ್ದಿರಲ್ಲ, ಅದನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ. ತೊಗಟೆಯನ್ನೂ ತೆಗೆಯದ ಇಡೀ ದಿಮ್ಮಿಗಳನ್ನು ಪೇರಿಸಿ ನೂರು ವರ್ಷದ ಹಿಂದೆ ಯಾರು ಕಟ್ಟಿದರೋ! ಅಕ್ಕಿ ಬೇಯಲಿಟ್ಟು ಅದನ್ನೇ ನೋಡುತ್ತಾ ನಿಂತರೆ ಒಳಗೇ ಹೋಗಿಬಿಡುತ್ತೇನೆ. ಮೆಟ್ಟಿಲು ಕಿರ್ರೆನ್ನುತ್ತದೆ, ಮರದ ಅಂಟಿನ ವಾಸನೆ ಬರುತ್ತದೆ, ಆನೆ ಹಿಡಿಸುವಂಥ ಕಲ್ಲಿನ ಒಲೆಯ ಮುಂದೆ ತೂಗುಕುರ್ಚಿಯೊಂದು ತಾನಾಗಿ ತೂಗುತ್ತಿರುತ್ತದೆ. ಕಿಟಕಿಯಾಚೆ ಜಿಂಕೆಗಳು ತಲೆಯೆತ್ತಿ ನನ್ನನ್ನೇ ನೋಡುತ್ತವೆ. ಅಷ್ಟರಲ್ಲಿ ನ್ಯೂಯಾರ್ಕಿನ ರೈಲು ಕೂಗುತ್ತದೆ, ನೋಡಿದರೆ ಅನ್ನ ತಳ ಹಿಡಿದಿರುತ್ತದೆ. ಈ ವಾರ ಎರಡು ಸಲ ಹಾಗಾಯಿತು. ಇಂಗಿನ ಸುದ್ದಿ ಓದಿ ಒಬ್ಬಳೇ ನಕ್ಕೆ. ಬೀನ್ಸ್ ಸೂಪಿಗೆ ನೀವು ಒಗ್ಗರಣೆ ಕೊಟ್ಟ ವಾಸನೆಗೆ ಕರಡಿ ಬಂದೀತೆಂದು ಕಾಡು ಕಾಯುವ ರೇಂಜರು ಇಂಗಿನ ಡಬ್ಬಿಯನ್ನೇ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿದನಂತಲ್ಲ! ಮ್ಯಾನ್‌ಹಟನ್ನಿನ ಆ ಕಂಪನಿ ಮುಳುಗಿ ನೀವು ಅಡುಗೆ ಮಾಡುತ್ತಿದ್ದ ಅದರ ಕ್ಯಾಂಟೀನು ಮುಚ್ಚಿದ ದಿನ ನೀವು ಮನೆಗೆ ತಂದದ್ದು ಅದೊಂದೇ ಡಬ್ಬಿ.

"ಹಿಮ ಬೀಳುವ ಮೊದಲು ಹೋಟೆಲು ಮುಚ್ಚುತ್ತದೆ, ಕಾವಲಿನವರು ಮಾತ್ರ ಉಳಿಯುತ್ತಾರೆ, ನಾನು ಟೆಕ್ಸಾಸಿನಲ್ಲಿ ಯಾರದೋ ರೆಸ್ಟೋರೆಂಟಿಗೆ ಹೋಗುತ್ತೇನೆ, ನೀನು ಮನೆಯಲ್ಲಿ ಆರಾಮಾಗಿರು" ಎಂದು ಬರೆದಿದ್ದೀರಿ. ಮೇ ತಿಂಗಳಿನಿಂದ ಆರಾಮಾಗಿಯೇ ಇದ್ದೇನೆ, ಸಾಕಾಗಿದೆ. ಚಳಿಗಾಲವನ್ನೂ ನೀವಿಲ್ಲದೆ ಕಳೆಯುವುದು ನನ್ನಿಂದಾಗದು.

ಫ್ಲಶಿಂಗ್ ದೇವಸ್ಥಾನದ ಗಣಪತಿಗೆ ನಿಮ್ಮ ಹೆಸರಲ್ಲಿ ಅರ್ಚನೆ ಮಾಡಿಸಿದ್ದೇನೆ. ನಿಮ್ಮ ಮೊಣಕಾಲನ್ನೂ ಹಠವನ್ನೂ ಅವನೇ ಸರಿಮಾಡಲಿ.

ನಿಮ್ಮ
ರಮಾಮಣಿ

ಮರೆತಿದ್ದೆ: ಶುಕ್ರವಾರ ನಿಮ್ಮ ಮ್ಯಾನೇಜರಮ್ಮ ಆಫೀಸಿನಿಂದ ಫೋನು ಮಾಡಿದ್ದರು. ಚಳಿಗಾಲದ ಕಾವಲಿಗೆ ಗಂಡಹೆಂಡತಿಯನ್ನೇ ಇಡುವುದಂತೆ. ನಿಮ್ಮನ್ನು ಕೇಳಿದ್ದಕ್ಕೆ "ಮೈ ವೈಫ್ ವಿಲ್ ನಾಟ್ ಕಮ್" ಅಂದಿರಂತೆ. ಅವರಿಗೆ ನಂಬಿಕೆ ಬರದೆ ನನ್ನನ್ನೇ ಕೇಳಿದರು. ನಮ್ಮ ಮದುವೆಮನೆಯ ಪಂಕ್ತಿಯಲ್ಲಿ "ಅವಳಿಗೆ ಹೋಳಿಗೆ ಸಾಕು" ಅನ್ನುವುದರಿಂದ ಹಿಡಿದು ಇಪ್ಪತ್ತೆರಡು ವರ್ಷ ನನ್ನ ಉತ್ತರವನ್ನೆಲ್ಲ ನೀವೇ ಕೊಟ್ಟಿರಿ. ಈ ಸಲ ನಿಮ್ಮದನ್ನು ನಾನು ಕೊಟ್ಟೆ. ಒಪ್ಪಿದ್ದೇವೆ. ಈ ತಿಂಗಳ ಇಪ್ಪತ್ತೆರಡನೇ ತಾರೀಕಿಗೆ ನಿಮ್ಮ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.