ಪ್ಲಗ್ ಪಕ್ಕದಲ್ಲಿ ಅತ್ತೆ

ಮಾರ್ಚ್ 6, ಶುಕ್ರವಾರ

ಕಂಪ್ಯೂಟರ್ ಸ್ವಿಚ್ ಹಾಕಿ ದೋಸೆ ಹುಯ್ಯಲು ಹೋದೆ. ಎಲ್ಲರದ್ದೂ ತಿಂಡಿ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಇದಕ್ಕಿಂತ ನಮ್ಮ ಒಲೆ ಬೇಗ ಹತ್ತಿಕೊಳ್ಳುತ್ತೆ.

ತಿಂಗಳ ಕೊನೆಗೆ ವಸ್ತಾರೆಯಲ್ಲಿ ಧನ್ಯಶ್ರೀ ಮದುವೆ. ನಾದಿನಿ ಮಗಳು, ಅತ್ತೆಗೆ ಮೊದಲ ಮೊಮ್ಮಗಳು. ಈ ಕಡೆ ಅತ್ತೆ ಸೋಬಾನೆ ಹೇಳದ ಮದುವೆ ಚಪ್ಪರವೇ ಇರಲಿಲ್ಲ. ಗಂಟಲು ಆಪರೇಷನ್ ಆದ ಮೇಲೆ ಹಾಡೋದಿರಲಿ, ಕೋಳಿ ಕರೆಯೋಕೂ ದನಿ ಏಳಲ್ಲ. ಅದಕ್ಕೆ ಮುಂಚೆ ನಾನು ಹಟ ಹಿಡಿದು ರೆಕಾರ್ಡ್ ಮಾಡಿದ ಹಾಡುಗಳು ಈ ಡಬ್ಬದಲ್ಲಿ ಮಾತ್ರ ಇವೆ. ಅವು ಆ ಚಪ್ಪರದಲ್ಲಿ ಕೇಳಲೇಬೇಕು.

ಹಾಗೇ ಹಾಕಿದರಾಯ್ತಲ್ಲ ಅಂದರು ಇವರು. ಆಗಲ್ಲ. ಹಾಡಿನ ಮಧ್ಯೆ ನಾಯಿ, ಕುಕ್ಕರ್ ಸೀಟಿ, ಇವರ ಸೀನು. ಎಲ್ಲ ಕತ್ತರಿಸಬೇಕು. ಕತ್ತರಿಸುವ ಸಾಫ್ಟ್‌ವೇರ್ ಹಾಕಿದರೆ ಮೆಷಿನ್ ಮೂರ್ಛೆ ಹೋಗುತ್ತೆ.

ಆಲ್ದೂರಿನ ಅಂಗಡಿಯವನು ನೋಡಿದ. ವಿಂಡೋಸ್ ಹಳೇದು, ಫಾರ್ಮ್ಯಾಟ್ ಮಾಡಿದರೆ ಇರೋದೆಲ್ಲ ಹೋಗುತ್ತೆ, ಹೊಸದು ತಗೊಳ್ಳಿ ಆಂಟಿ, ನಿಮ್ಮ ಕೈಲಿ ಇದೆಲ್ಲ ಆಗಲ್ಲ ಅಂದ. ಆಂಟಿ ಅಂದಿದ್ದಕ್ಕಲ್ಲ — ಆಗಲ್ಲ ಅಂದಿದ್ದಕ್ಕೆ ಮೈ ಉರಿಯಿತು.

ಮಾರ್ಚ್ 10, ಮಂಗಳವಾರ

ಲಿನಕ್ಸ್ ಅಂತ ಇದೆಯಂತೆ. ಪುಕ್ಕಟೆ, ಹಗುರ. ವಿಂಡೋಸ್ ಪಕ್ಕದಲ್ಲೇ ಹಾಕಬಹುದು, ಅದೂ ಇರುತ್ತೆ, ಇದೂ ಇರುತ್ತೆ. ಇವರದು ಒಂದೇ ಷರತ್ತು. ತಮ್ಮ ಇಸ್ಪೀಟ್ ಆಟ ಹೋಗಬಾರದು.

ಯೂಟ್ಯೂಬ್ ನೋಡಿ ಪೆನ್‌ಡ್ರೈವಿಗೆ ಲಿನಕ್ಸ್ ಇಳಿಸಿದೆ. ಮೊದಲು ಬ್ಯಾಕಪ್ ತಗೊಳ್ಳಿ ಅಂತ ವಿಡಿಯೋದವನು ಬಡ್ಕೊಂಡ. ಮನೆಯಲ್ಲಿರೋದು ಇದೊಂದೇ ಪೆನ್‌ಡ್ರೈವ್, ಅದರಲ್ಲಿ ಲಿನಕ್ಸ್ ಕೂತಾಯ್ತು. ಏನಾಗುತ್ತೆ ಮಹಾ... ನಾಳೆ ಶುರು.

ಮಾರ್ಚ್ 11, ಬುಧವಾರ, ಸಂಜೆ

ಬರೆಯೋಕೆ ಕೈ ಓಡ್ತಿಲ್ಲ.

ಎಲ್ಲ ಸರಿಯಾಗೇ ಹೋಗ್ತಿತ್ತು. ಡಿಸ್ಕಲ್ಲಿ ಜಾಗ ಬಿಡಿಸಿಕೊಂಡಿತು, ಫೈಲುಗಳು ಇಳಿದವು, ಎಷ್ಟು ಮುಗಿಯಿತು ಅಂತ ತೋರಿಸೋ ಪಟ್ಟಿ ಹತ್ತಿರಹತ್ತಿರ ತುಂಬಿತ್ತು. ಆಗ ಮೋಡ ಕವಿಯಿತು. ವಾರದಿಂದ ಕಾದಿದ್ದ ಹೂಮಳೆ. ಇದು ಬಿದ್ದರೇ ಕಾಫಿ ಹೂ ಬಿಡೋದು. ಇವರು ಅಂಗಳದಲ್ಲಿ ಮುಖ ಮೇಲೆ ಮಾಡಿ ನಿಂತುಬಿಟ್ಟರು. ನಾನು ಬಟ್ಟೆ ತೆಗೆಯೋಕೆ ಓಡಿದೆ.

ಗುಡುಗಿತು. ಮೊದಲ ಗುಡುಗಿಗೇ ಪ್ಲಗ್ ಕೀಳೋದು ಇಲ್ಲಿ ಮನೆಮನೆಯ ಪದ್ಧತಿ. ಒಂದು ಸಲ ಸಿಡಿಲಿಗೆ ಟಿವಿ ಸುಟ್ಟ ಮೇಲೆ ಅತ್ತೆಗಂತೂ ಪ್ಲಗ್ ಕಂಡರಾಗಲ್ಲ. ಒಳಗೆ ಬಂದರೆ ಫ್ರಿಜ್ಜು, ಟಿವಿ, ಮೋಡೆಮ್ಮು, ಕಂಪ್ಯೂಟರ್... ವೈರುಗಳೆಲ್ಲ ನೆಲದ ಮೇಲೆ.

"ಎಲ್ಲಾ ತೆಗ್ದೀನಿ ಸುಕನ್ಯಾ, ನೀ ಹೆದ್ರಬೇಡ" ಅಂದರು ಅತ್ತೆ.

ಯುಪಿಎಸ್ ಬ್ಯಾಟರಿ ಸತ್ತು ಕಾಲವಾಯ್ತು. ಮಳೆ ನಿಂತ ಮೇಲೆ ಆನ್ ಮಾಡಿದೆ. ಕಪ್ಪು ಪರದೆ, ಇಂಗ್ಲಿಷಿನಲ್ಲಿ ಒಂದು ಸಾಲು, ಶುರು ಮಾಡೋಕೆ ಏನೂ ಇಲ್ಲ ಅಂತ. ಹಳೇದೂ ಇಲ್ಲ, ಹೊಸದೂ ಇಲ್ಲ. ಹೊರಗೆ ಇವರು ಊರಿಗೆಲ್ಲ ಫೋನ್ ಮಾಡಿ ಒಂದೂವರೆ ಇಂಚು, ಒಂದೂವರೆ ಇಂಚು ಅಂತ ಕುಣೀತಿದ್ದಾರೆ. ಯಾರಿಗೆ ಹೇಳಲಿ?

ಮಾರ್ಚ್ 12, ಗುರುವಾರ

ಹೇಳಿದೆ. ಅತ್ತೆ ತಿಂಡಿ ತಟ್ಟೆ ಪಕ್ಕಕ್ಕೆ ಸರಿಸಿದರು.

"ನನ್ ಹಾಡು ನಾನೇ ಕಿತ್ ಹಾಕ್ದೆ ಅನ್ನು."

ಇಲ್ಲ ಅತ್ತೆ, ಬ್ಯಾಕಪ್ ತಗೊಳ್ಳದೆ ಇದ್ದಿದ್ದು ನಾನು ಅಂದೆ. ಎದ್ದು ತಟ್ಟೆ ತೊಳೆಯೋಕೆ ಹೋದರು.

ಮಾರ್ಚ್ 14, ಶನಿವಾರ

ಸಿಕ್ಕಿತು! ಸಿಕ್ಕಿತು!

ಎರಡು ದಿನ ವಿಡಿಯೋ ನೋಡೀ ನೋಡೀ ಕಣ್ಣು ಉರಿ. ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿಂದಲೇ ಲಿನಕ್ಸ್ ಓಡಿಸಿ ನೋಡಬಹುದಂತೆ. ಓಡಿಸಿದೆ. ಎಡಗಡೆ ಹಳೇ ಡಿಸ್ಕಿನ ಗುರುತು ಬಂತು. ಒತ್ತಿದೆ. 'ಅತ್ತೆ' ಅಂತ ಹೆಸರಿಟ್ಟ ಫೋಲ್ಡರ್ — ಇದ್ದ ಜಾಗದಲ್ಲೇ ಇತ್ತು, ಒಂದು ಹಾಡೂ ಕದಲಿಲ್ಲ. ಹೋಗಿದ್ದು ಬಾಗಿಲು ಮಾತ್ರ, ಮನೆ ಹಾಗೇ ಇದೆ.

ಹಾಡು ಹಾಕಿದೆ. ಅತ್ತೆ ಸೌಟು ಹಿಡಿದುಕೊಂಡೇ ಬಂದರು. ಪೂರ್ತಿ ಕೇಳಿ "ನಂದೇನಾ ಇದು? ಪರ್ವಾಗಿಲ್ಲ" ಅಂದು ಒಳಗೆ ಹೋದರು. ಅತ್ತಿದ್ದು ನಾನು.

ಕಣ್ಣೊರೆಸಿಕೊಂಡು ಮೊದಲು ಎಲ್ಲ ಫೋನಿಗೆ ಕಾಪಿ ಮಾಡಿದೆ. ಬುದ್ಧಿ ಬಂತು.

ಮಾರ್ಚ್ 15, ಭಾನುವಾರ

ಆಕಾಶ ಚೊಕ್ಕ ಇತ್ತು. ಮತ್ತೆ ಇನ್‌ಸ್ಟಾಲ್. ಈ ಸಲ ಅತ್ತೆ ಪ್ಲಗ್ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಇವರು ಫೋನ್ ಚಾರ್ಜಿಗೆ ಹಾಕೋಕೆ ಬಂದರೆ "ಅಲ್ಲೇ ನಿಲ್ಲು ಮಾರಾಯ" ಅಂತ ಮಗನನ್ನು ಬಾಗಿಲಲ್ಲೇ ತಡೆದರು.

ಪಟ್ಟಿ ತುಂಬಿತು. ರೀಸ್ಟಾರ್ಟ್. ಕಪ್ಪು ಪರದೆ... ಆಮೇಲೆ ಬಂತು. ಒಂದರ ಕೆಳಗೊಂದು ಎರಡು ಹೆಸರು — ಲಿನಕ್ಸ್, ವಿಂಡೋಸ್. ಯಾವುದು ಬೇಕು ಅಂತ ಕೇಳ್ತಿದೆ, ನನ್ನನ್ನು! ಕೂಗಿದ ಕೂಗಿಗೆ ನಾಯಿ ಬೊಗಳಿತು. ಇವರ ಇಸ್ಪೀಟೂ ಭದ್ರ.

ಮಾರ್ಚ್ 20, ಶುಕ್ರವಾರ

ಗುಡ್ಡವೆಲ್ಲ ಕಾಫಿ ಹೂವು, ಬೆಳ್ಳಗೆ. ಕಿಟಕಿ ತೆಗೆದಿಟ್ಟು ಹಾಡು ಕತ್ತರಿಸಿದೆ. ಸಾಫ್ಟ್‌ವೇರ್ ನೀರು ಕುಡಿದ ಹಾಗೆ ಓಡುತ್ತೆ. ನಾಯಿ ಹೋಯಿತು, ಕುಕ್ಕರ್ ಹೋಯಿತು. ಇವರ ಸೀನು ಒಂದು ಬೇಕೆಂದೇ ಬಿಟ್ಟೆ.

ಮಾರ್ಚ್ 31, ಮಂಗಳವಾರ, ಸಂಜೆ

ಇವತ್ತು ಪೆನ್ನಿಲ್ಲ. ನನ್ನ ಲಿನಕ್ಸಿನಲ್ಲೇ ಕನ್ನಡ ಟೈಪ್ ಮಾಡ್ತಿದ್ದೀನಿ.

ವಸ್ತಾರೆ ಚಪ್ಪರದಲ್ಲಿ ಅತ್ತೆಯ ದನಿ ಏಳುತ್ತಿದ್ದ ಹಾಗೇ ಅಡುಗೆ ಮಾಡುತ್ತಿದ್ದವರೂ ಕೈ ಒರೆಸಿಕೊಂಡು ಬಂದರು. ಎರಡನೇ ನುಡಿಗೆ ಹೆಂಗಸರೆಲ್ಲ ದನಿಗೂಡಿಸಿದರು. ಧನ್ಯಶ್ರೀ ಅಜ್ಜಿಯ ಕೈ ಬಿಡಲಿಲ್ಲ. ನಡುವೆ ಸೀನು ಬಂದಾಗ ಇಡೀ ಚಪ್ಪರ ಇವರ ಕಡೆ ತಿರುಗಿ ನಕ್ಕಿತು. ಅತ್ತೆ ಸಿಕ್ಕಸಿಕ್ಕವರಿಗೆಲ್ಲ "ನಮ್ ಸುಕನ್ಯಾ ಮಾಡಿದ್ದು" ಅಂದರು. ಇಷ್ಟು ವರ್ಷದಲ್ಲಿ ನನ್ನ ಸಾರಿಗೂ ಹಾಗಂದಿರಲಿಲ್ಲ. ಬರುವಾಗ ಆಲ್ದೂರಿನಲ್ಲಿ ಇಳಿದು ಅಂಗಡಿಯವನಿಗೂ ಹೇಳಿಬಂದೆ, ಆಂಟಿ ಕೈಲಿ ಆಯ್ತು ಅಂತ.

ಗುಡುಗುತ್ತಿದೆ. ಹೂಮಳೆ ಆದ ಮೇಲಿನ ಎರಡನೇ ಮಳೆ, ಇದು ಬಂದರೆ ಕಾಯಿ ಕಚ್ಚುತ್ತೆ. ಇವರು ಆಗಲೇ ಅಂಗಳದಲ್ಲಿ. ಅತ್ತೆ ಟಿವಿ ಪ್ಲಗ್ ಕಿತ್ತು ಇಲ್ಲಿಗೆ ಬಂದರು. ಕೈ ಪ್ಲಗ್ ಮೇಲಿದೆ. ಆದರೆ ಕೀಳಲಿಲ್ಲ.

"ಸೇವ್ ಮಾಡಿದ್ಯೇನೇ?"

ಮಾಡ್ತಾ ಇದ್ದೀನಿ, ಒಂದೇ ಸಾಲು ಬಾಕಿ ಅಂದೆ. ಗುಡುಗು ನಿನ್ನ ಸಾಲಿಗೆ ಕಾಯಲ್ಲ ಅಂದರು. ಸರಿ. ಬರೆಯಬೇಕಾದ್ದು ಇಷ್ಟೇ — ಈ ಮನೆಯಲ್ಲಿ ಇನ್ನು ಮೇಲೆ ನನ್ನ ಕೈಲಿ ಆಗಲ್ಲ ಅನ್ನೋ ಮಾತು