ಮೂರು ಸೆಕೆಂಡಿನ ಮುಖ

ಕಮಲಾಪುರ
೯ ಫೆಬ್ರವರಿ ೨೦೨೫

ಮಗಳೇ ತುಳಸಿ,

ಅಪ್ಪನ ಆಶೀರ್ವಾದ. ನಾನೂ ನಿಮ್ಮವ್ವನೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ನಂಬುವುದಿಲ್ಲ.

ನೀನು ನನ್ನ ಫೋನು ಎತ್ತದೆ ಎಂಟು ತಿಂಗಳಾಯಿತು. ಕಾಗದಕ್ಕೆ ಇಷ್ಟು ತಡವಾದದ್ದು ನನ್ನದೇ ತಪ್ಪು. ಹಂಪಿಯಲ್ಲಿ ದಿನವಿಡೀ ಬಾಯಿ ಬಡಿದುಕೊಳ್ಳುವ ಗೈಡಿಗೆ ಮಗಳ ಹತ್ತಿರ ಆಡಲು ಮಾತು ಸಿಗಲಿಲ್ಲ ಅಂದರೆ ನಗುತ್ತೀಯ. ನಗು. ಸಂಡೂರಿನ ಹೊಲಿಗೆ ಕೆಲಸ ಹೇಗಿದೆ? ನಿಮ್ಮವ್ವ ಶೇಂಗಾ ಚಟ್ನಿಪುಡಿ ಕುಟ್ಟಿಟ್ಟು, ಕಳಿಸಲೋ ಬೇಡವೋ ಎಂದು ನನ್ನನ್ನೇ ಕೇಳುತ್ತಾಳೆ.

ಹೋದ ವಾರ ಒಂದು ಎಡವಟ್ಟು ಮಾಡಿದೆ. ಜಪಾನಿನ ಹೆಂಗಸೊಬ್ಬಳನ್ನು ತೆಪ್ಪ ಹತ್ತಿಸಿದ್ದೆ. ನಡುನೀರಿನಲ್ಲಿ ನಮ್ಮ ಅಂಬಿಗ ಓಬಳೇಶ ತೆಪ್ಪವನ್ನು ಗಿರಗಿರ ತಿರುಗಿಸಿದ. ಆಕೆ ನಗುತ್ತಲೇ ಇದ್ದಳು. "ಮೇಡಮ್ಮಿಗೆ ಖುಷಿ ಆಗೇತಿ, ಇನ್ನೊಂದ್ ಸುತ್ತು ತಿರುಗ್ಸೋ" ಅಂದೆ. ದಡಕ್ಕೆ ಬಂದವಳು ಬಂಡೆಯ ಮೇಲೆ ಕುಳಿತು ಗಳಗಳ ಅತ್ತಳು. ಭಯಕ್ಕೆ ನಕ್ಕಿದ್ದಳಂತೆ. ಮೂವತ್ತು ವರ್ಷ ದೇಶದೇಶದ ಮುಖ ನೋಡಿದವನಿಗೆ ಅಷ್ಟೂ ತಿಳಿಯಲಿಲ್ಲ.

ದಡದಲ್ಲಿದ್ದ ಯಶೋಧರಾ ಎಂಬ ಹುಡುಗಿ ಇದನ್ನೆಲ್ಲ ನೋಡಿ ನನ್ನನ್ನು ಕೂರಿಸಿಕೊಂಡಳು. ಮುಖದ ಭಾವಗಳ ಮೇಲೆ ಸಂಶೋಧನೆ ಮಾಡುತ್ತಾಳಂತೆ. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಮುಖ, ಮೂರೇ ಸೆಕೆಂಡು. ಸಂತೋಷವೋ, ಸಿಟ್ಟೋ, ದುಃಖವೋ, ಹೆದರಿಕೆಯೋ ಹೇಳಬೇಕು. ಜಪಾನಿನವರು, ಆಫ್ರಿಕಾದವರು, ಬಿಳಿಯರು ಬಂದಾಗ ಅರ್ಧಕ್ಕರ್ಧ ತಪ್ಪಿದೆ. ನಮ್ಮ ಕಡೆಯ ಇಪ್ಪತ್ತು ಮುಖಗಳಲ್ಲಿ ಒಂದೂ ತಪ್ಪಲಿಲ್ಲ.

"ಬೇಜಾರ್ ಮಾಡ್ಕಬ್ಯಾಡ್ರಿ," ಅಂದಳು. "ಬ್ಯಾರೆ ಜನದ ಮುಖ ಭಾಳ ಮಂದಿಗೆ ಹಿಂಗ ತಪ್ಪತೈತಿ. ತಮ್ಮವರ ಮುಖ ಜಲ್ದಿ ತಿಳೀತೈತಿ. ನಮ್ಮ ಹೆಣ್ಮಕ್ಕಳ ಹೆದರಿಕಿ ಕಂಡು ಹಿಡಿಯಾಕಂತೂ ನೀವು ಒಂದ್ ಸೆಕೆಂಡ್ ಸೈತ ತಗಳ್ಲಿಲ್ಲ."

ಆ ಹುಡುಗಿ ಹೊಗಳಿದ್ದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕಂಪ್ಲಿಯ ಗಂಡನ ಮನೆ ಬಿಟ್ಟು ಬಂದು, ಕೈಮೇಲಿನ ಬರೆ ತೋರಿಸಿದ ದಿನ ನೀನು ಕೇಳಿದ್ದೆ: "ಅಪ್ಪಾ, ಮದುವಿ ದಿನ ನನ್ನ ಮುಖ ನೋಡಿದ್ದಿಲ್ಲೇನು?" ನಾನು ಅಂದಿದ್ದೆ: "ನೋಡಿದ್ನೆವ್ವಾ. ನಾಚಿಕಿ ಅಂದ್ಕಂಡೆ. ಮದುಮಗಳು ಅಂದ್ರ ತಲಿ ತಗ್ಗಿಸೇ ತಗ್ಗಿಸ್ತಾಳ. ನನಗ ಹ್ಯಾಂಗ ಗೊತ್ತಾಗ್ಬೇಕು?" ನೀನು ಚೀಲ ಎತ್ತಿಕೊಂಡು ಸಂಡೂರಿನ ಬಸ್ಸು ಹತ್ತಿದೆ. ಅಂದಿನಿಂದ ನಿಮ್ಮವ್ವನಿಗೂ ನಾನು ಅದೇ ಮಾತು ಹೇಳಿಕೊಂಡು ಬಂದಿದ್ದೇನೆ, ಗೊತ್ತಾಗಲಿಲ್ಲ ಎಂದು.

ನಿನಗೆ ಉಂಡದ್ದು ಮೈಗೆ ಹತ್ತಲಿ, ಕಣ್ತುಂಬ ನಿದ್ದೆ ಬರಲಿ. ಇದಕ್ಕಿಂತ ದೊಡ್ಡದನ್ನು ಹರಸುವ ಯೋಗ್ಯತೆ ನನಗಿಲ್ಲ.

ನಿನ್ನ ಅಪ್ಪ,
ಹಂಪಯ್ಯ

ಮತ್ತೆ: ಮನೆಗೆ ಬಂದು ನಿನ್ನ ಮದುವೆಯ ಆಲ್ಬಮ್ ತೆಗೆದೆ. ಮೂರು ಸೆಕೆಂಡು ಬೇಕಾಗಲಿಲ್ಲ. ಅವತ್ತೂ ಬೇಕಾಗಿರಲಿಲ್ಲ, ಮಗಳೇ. ತಾಳಿ ಕಟ್ಟುವ ಮುಂಚೆ ನೀನು ತಲೆಯೆತ್ತಿ ನನ್ನನ್ನೇ ನೋಡಿದೆ. ಅದು ನಾಚಿಕೆಯಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಎಲ್ಲಿ ಬಾಯಿ ತೆರೆದುಬಿಡುತ್ತೀಯೋ ಎಂದು, ಅಯ್ಯನೋರು ಹೇಳುವ ಮೊದಲೇ ಅಕ್ಷತೆ ಎಸೆದೆ. ನಾನು ಎಸೆದದ್ದು ನೋಡಿ ಎಲ್ಲರೂ ಎಸೆದರು.